ಹಳೇಮನೆ ಮಾತು: ಸಿಮೆಂಟ್ ಕೆರೆಯುವ ಮಗಳು

(ಯಲಬುರ್ಗಾ ತಾಲ್ಲೂಕಿನ ತವರುಮನೆಯನ್ನು ಮೂರು ವರ್ಷ ಅದರಲ್ಲೇ ಇದ್ದು ರಿಪೇರಿ ಮಾಡಿಸಿದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನನ್ನ ಮಗಳು, ಅಳಿಯ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ನೂರೈವತ್ತು ವರ್ಷದ ಕಲ್ಲಿನ ಮನೆ ಕೊಂಡಿದ್ದಾರೆ. ವಿಡಿಯೊ ಕಾಲ್‌ನಲ್ಲಿ ನೋಡಿದರೆ ಅಡುಗೆಮನೆಯೇ ಇಲ್ಲ. ಒಂದೇ ಕೋಣೆಯಲ್ಲಿ ಮಲಗುವುದು, ಉಣ್ಣುವುದು. ಗೋಡೆಗೆ ಇದ್ದ ಸಿಮೆಂಟನ್ನೂ ಇವಳೇ ಕೂತು ಕೆರೆಯುತ್ತಿದ್ದಾಳೆ. ಎಂಟು ತಿಂಗಳಾದರೂ ಗೌಂಡಿ ಸಿಕ್ಕಿಲ್ಲವಂತೆ. ಅವರಿಗೆ ಯಾರಾದರೂ ಮೋಸ ಮಾಡಿದ್ದಾರಾ?
— ಒಬ್ಬ ತಾಯಿ, ಸಿಂಧನೂರು

ಉತ್ತರ: ಮೋಸ ಆಗಿಲ್ಲ ತಾಯಿ. ರಾತ್ರಿ ನಿದ್ದೆ ಮಾಡಿ. ನನ್ನ ಮಗಳೂ ಅಲ್ಲಿ ಇದನ್ನೇ ಮಾಡಿದವಳು. ಫ್ರಾನ್ಸಿನ ನಡುಭಾಗದಲ್ಲಿ ಕ್ರೂಜ್ ಅಂತ ಒಂದು ಜಿಲ್ಲೆಯಿದೆ, ಅಲ್ಲಿ. ನಾನು ತೊಂಬತ್ತು ದಿನದ ವೀಸಾ ಮೇಲೆ ಹೋಗಿ, ಎಂಬತ್ತು ದಿನ ಧೂಳಿನಲ್ಲಿ ಕೂತು ಬಂದೆ. ಪ್ಯಾರಿಸ್ ನೋಡಿದ್ದು ಎರಡೇ ದಿನ.

ಮೊದಲು ಸಿಮೆಂಟಿನ ವಿಷಯ. ಆ ಊರಿನ ಗೋಡೆ ಎರಡಡಿ ದಪ್ಪ, ಗ್ರಾನೈಟ್ ಕಲ್ಲಿನದು. ಆದರೆ ಕಲ್ಲು ಕಲ್ಲಿನ ನಡುವೆ ಇರುವುದು ಬರೀ ಮಣ್ಣು. ನಮ್ಮೂರ ಹಳೇ ಗೋಡೆಗಳ ಹಾಗೇ. ನೆಲದ ತೇವ ಗೋಡೆ ಹತ್ತುತ್ತದೆ, ಹೊರಗಿನ ಗಾಳಿಗೆ ಆರುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟ್ ಬರುತ್ತದೆ.

ಅವಳ ಮನೆಗೆ ಹಿಂದಿನ ಮಾಲೀಕರು ಸೊಂಟದೆತ್ತರ ಸಿಮೆಂಟ್ ಮೆತ್ತಿಸಿದ್ದರು. ಮಗಳು ಉಳಿ ಇಟ್ಟು ಹೊಡೆದಾಗ ರೊಟ್ಟಿಯಗಲದ ಚಕ್ಕೆಯೊಂದು ಕಾಲ ಹತ್ತಿರ ಬಿತ್ತು. ಅದರ ಹಿಂದಿದ್ದ ಮಣ್ಣಿಗೆ ನಾನು ಬೆರಳು ಒತ್ತಿದೆ. ನಾದಿದ ಹಿಟ್ಟಿಗೆ ಒತ್ತಿದ ಹಾಗೆ ಒಳಗೆ ಹೋಯಿತು. ಬೆರಳು ತೆಗೆದರೆ ತುದಿಯಲ್ಲಿ ನೀರು. ಅದು ಜುಲೈ ತಿಂಗಳು, ಮೂರು ವಾರದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ನಮ್ಮ ತವರುಮನೆ ಬಚ್ಚಲ ಗೋಡೆಗೆ ಸಿಮೆಂಟ್ ಗಿಲಾವ ಮಾಡಿಸಿ, ಎರಡೇ ವರ್ಷಕ್ಕೆ ಅದು ಹಪ್ಪಳದ ಹಾಗೆ ಎದ್ದಾಗ ನಾನು ಗೌಂಡಿಯನ್ನು ಬೈದಿದ್ದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಮಾಡಿಸಿದವಳು ನಾನು.

ಸುಣ್ಣಕ್ಕೆ ಅಲ್ಲಿ ‘ಶೋ’ ಅನ್ನುತ್ತಾರೆ. ಚೀಲದ ಮೇಲೆ ಎನ್‌ಎಚ್‌ಎಲ್ (ನೀರು ಸೇರಿದರೆ ಗಟ್ಟಿಯಾಗುವ ಒಂದು ಬಗೆಯ ಸುಣ್ಣ) 2, 3.5, 5 ಎಂದು ಬರೆದಿರುತ್ತದೆ. ಅಂಕಿ ಏರಿದಷ್ಟೂ ಗಟ್ಟಿ. ನಮ್ಮಂಥವರು ಅಂಗಡಿಗೆ ಹೋದರೆ ಗಟ್ಟಿ ಇದ್ದದ್ದೇ ಇರಲಿ ಅಂತ 5 ಎತ್ತಿಕೊಂಡು ಬರುತ್ತೇವೆ, ಅಲ್ವಾ? ಮಣ್ಣು ತುಂಬಿದ ಗೋಡೆಗೆ ಮೆತ್ತಗಿನದೇ ಬೇಕು, 2 ಇಲ್ಲವೇ 3.5. ಚಳಿ 5 ಡಿಗ್ರಿಗಿಂತ ಇಳಿದರೆ ಸುಣ್ಣದ ಕೆಲಸ ನಿಲ್ಲಿಸುತ್ತಾರೆ, ಹೆಪ್ಪುಗಟ್ಟಿದರೆ ಗಾರೆ ಉದುರಿಬಿಡುತ್ತದೆ. ನಮ್ಮಲ್ಲಿ ಇದು ಉಲ್ಟಾ. ಮೇ ತಿಂಗಳ ಬಿಸಿಲಿಗೆ ಗಾರೆ ಬೇಗ ಒಣಗಿ ಬಿರಿಯುತ್ತದೆ ಅಂತ ನಾವು ಹಸಿ ಗೋಣಿಚೀಲ ತೂಗುಹಾಕುತ್ತೇವೆ.

ಇನ್ನು ಗೌಂಡಿ. ಆಗಸ್ಟ್‌ನಲ್ಲಿ ಆ ದೇಶವೇ ರಜೆ ಹೋಗುತ್ತದೆ. ನಮ್ಮ ಮಗಳ ಗೌಂಡಿ ಬಂದದ್ದು ಸೆಪ್ಟೆಂಬರಿನಲ್ಲಿ. ಬಂದವನು ಮಧ್ಯಾಹ್ನ 12 ಹೊಡೆದರೆ ಸಾಕು, ಕರಣಿ ತೊಳೆದಿಟ್ಟು ಊಟಕ್ಕೆ ಹೋಗುತ್ತಿದ್ದ, ತಿರುಗಿ ಬರುತ್ತಿದ್ದದ್ದು 2ಕ್ಕೆ. ಮೊದಲ ದಿನ ನಾನು ಅವನಿಗೂ ಸೇರಿಸಿ ರೊಟ್ಟಿ ಮಾಡಿದ್ದೆ. ಅವನು ಒಂದೇ ಒಂದು ತುಂಡು ತಿಂದು, ಥ್ಯಾಂಕ್ಸ್ ಹೇಳಿ, ಕಾರು ಹತ್ತಿ ಹೋದ. ಶೇಂಗಾ ಚಟ್ನಿ ಮುಟ್ಟಲೇ ಇಲ್ಲ! ಆದರೆ ಕೆಲಸ ಶುರು ಮಾಡುವ ಮೊದಲೇ ಪ್ರತಿ ಬಾಬತ್ತಿಗೂ ರೇಟು ಬರೆದು ಸಹಿ ಹಾಕಿದ ಕಾಗದ ಕೊಟ್ಟಿದ್ದ. ಅದಕ್ಕೆ ‘ದೆವಿ’ ಎನ್ನುತ್ತಾರೆ. ಗೋಡೆ, ಚಾವಣಿಯಂಥ ಕೆಲಸಕ್ಕೆ ಹತ್ತು ವರ್ಷದ ಹೊಣೆ ಅವನದು, ಅದಕ್ಕೆ ವಿಮೆ ಮಾಡಿಸಿರಲೇಬೇಕು. ನಿಮ್ಮ ಮಗಳಿಗೆ ಹೇಳಿ: ಆ ವಿಮೆಯ ಕಾಗದ ನೋಡದೆ ಮುಂಗಡ ಕೊಡಬಾರದು.

ಮಜಾ ಏನೆಂದರೆ, ಆ ಕ್ರೂಜ್ ಜಿಲ್ಲೆಯೇ ಗೌಂಡಿಗಳ ಜಿಲ್ಲೆ. 19ನೇ ಶತಮಾನದಲ್ಲಿ ಅಲ್ಲಿನ ಗಂಡಸರು ಚಳಿ ಮುಗಿದ ಕೂಡಲೇ ಗುಂಪು ಕಟ್ಟಿಕೊಂಡು ಪ್ಯಾರಿಸಿಗೆ ನಡೆದುಕೊಂಡು ಹೋಗಿ, ಕಟ್ಟಡ ಕಟ್ಟಿ, ಚಳಿಗಾಲಕ್ಕೆ ಊರಿಗೆ ಮರಳುತ್ತಿದ್ದರು. ಅಳಿಯ ಇದನ್ನು ಹೇಳುವಾಗ ನಾನು ‘ಓ, ಗುಳೆ’ ಅಂದೆ. ಅವನಿಗೆ ಅರ್ಥವಾಗಲಿಲ್ಲ. ನಮ್ಮ ಓಣಿಯಲ್ಲಿ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸಿನ ಮೇಲೆ ಪಾತ್ರೆ, ಹಾಸಿಗೆ, ಒಮ್ಮೊಮ್ಮೆ ಕೋಳಿಬುಟ್ಟಿಯೂ ಏರುವುದನ್ನು ವಿವರಿಸಿ ಹೇಳಬೇಕಾಯಿತು.

ಒಂದೇ ವಿಷಯಕ್ಕೆ ನಾನೂ ಹೆದರುತ್ತೇನೆ. ಅಲ್ಲಿ 1949ಕ್ಕಿಂತ ಮುಂಚಿನ ಮನೆ ಮಾರುವವರು ಬಣ್ಣದಲ್ಲಿ ಸೀಸ ಇದೆಯೇ ಅಂತ ಪರೀಕ್ಷೆ ಮಾಡಿಸಿ ವರದಿ ಕೊಡಬೇಕು. 1997ರ ಜುಲೈಗೆ ಮುಂಚೆ ಪರವಾನಗಿ ಪಡೆದ ಕಟ್ಟಡವಾದರೆ ಆಸ್ಬೆಸ್ಟಾಸ್ ವರದಿಯೂ ಬೇಕು. ಆ ಎರಡು ವರದಿ ಎಲ್ಲಿವೆ ಅಂತ ಇವತ್ತೇ ಮಗಳನ್ನು ಕೇಳಿ. ಕಿಟಕಿಯ ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜುವುದು ಬೇಡ, ಮನೆಯಲ್ಲಿ ಮಗು ಇದ್ದರಂತೂ ಬೇಡವೇ ಬೇಡ. ಕೊಟ್ಟಿಗೆ ಮೇಲಿನ ಹಳೇ ಶೀಟು ಒಡೆಯುವುದೂ ಬೇಡ.

ಉಳಿದದ್ದೆಲ್ಲ ಸಹಿಸಿಕೊಳ್ಳಬಹುದು. ನಾವು ಸ್ನಾನದ ತೊಟ್ಟಿಯಲ್ಲಿ ಪಾತ್ರೆ ತೊಳೆದೆವು. ಸಣ್ಣ ಕರೆಂಟ್ ಒಲೆಯನ್ನು ಇಸ್ತ್ರಿ ಮಾಡುವ ಟೇಬಲ್ ಮೇಲಿಟ್ಟು ಅನ್ನ ಮಾಡಿದೆವು. ರಾತ್ರಿ ಅಟ್ಟದ ಮೇಲೆ ಯಾರೋ ಓಡಾಡಿದಂತೆ ಸದ್ದು. ನೋಡಿದರೆ ‘ಲ್ವಾರ್’ ಅನ್ನುವ ಪ್ರಾಣಿ. ಇಲಿಯ ಜಾತಿ, ಬಾಲ ಮಾತ್ರ ಅಳಿಲಿನದು. ಚಳಿಗಾಲದಲ್ಲಿ ಆರೇಳು ತಿಂಗಳು ಅದು ನಿದ್ದೆ ಹೊಡೆಯುತ್ತದಂತೆ. ನಾನು ಹೋದದ್ದು ಬೇಸಿಗೆಯಲ್ಲಿ. ಹಾಗಾಗಿ ನಿದ್ದೆ ಕೆಟ್ಟದ್ದು ನನ್ನದು.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಆರಂಕಣದ (ಕಂಬಗಳ ನಡುವೆ ಆರು ಭಾಗ ಇರುವ) ಮನೆ. ಬೇವಿನ ಕಂಬ, ತೊಲೆ, ಮೇಲೆ ಮಣ್ಣಿನ ಮಾಳಿಗೆ. ಪ್ರತಿ ಮಳೆಗೂ ಸೋರುತ್ತದೆ. ಕಿತ್ತು ಆರ್‌ಸಿಸಿ ಹಾಕಿಸಿ ಅಂತ ಮಗ, ಮೇಲೆ ಬರೀ ಸಿಮೆಂಟ್ ಬಳಿಸಿ ಅಂತ ಗೌಂಡಿ. ಯಾರ ಮಾತು ಕೇಳಲಿ?
— ಓದುಗರು, ಕುಕನೂರು

ಉತ್ತರ: ಇಬ್ಬರದೂ ಬೇಡ. ಅಂಕಣದ ಮನೆಯಲ್ಲಿ ಭಾರ ಹೊರುವುದು ಕಂಬ. ಮಣ್ಣಿನ ಗೋಡೆ ಬರೀ ಮರೆ. ಕಂಬ ಕಿತ್ತು ಸ್ಲ್ಯಾಬನ್ನು ಆ ಗೋಡೆಯ ಮೇಲೆ ಕೂರಿಸಿದರೆ, ಯಾವತ್ತೂ ಹೊರದ ಭಾರವನ್ನು ಅದರ ತಲೆಗೆ ಹಾಕಿದ ಹಾಗೆ. ಮೇಲೆ ಸಿಮೆಂಟ್ ಬಳಿಸಿದರೂ ಉಪಯೋಗವಿಲ್ಲ. ಮರ ಬಿಸಿಲಿಗೆ, ಮಳೆಗೆ ಅಲುಗುತ್ತದೆ, ಸಿಮೆಂಟ್ ಅಲುಗುವುದಿಲ್ಲ, ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ತೊಲೆ ಒಳಗೊಳಗೇ ಕೊಳೆಯುತ್ತದೆ.

ಸೋರುವ ಜಾಗ ಮೊದಲು ಹುಡುಕಿ. ನಮ್ಮ ಮನೆಯಲ್ಲಿ ಪಡಸಾಲೆಯ ನಡುವೆ ತೊಟ್ಟಿಕ್ಕುತ್ತಿತ್ತು. ನಾನು ಅಲ್ಲೇ ಮೇಲೆ ಮಣ್ಣು ಹಾಕಿಸಿ, ಹಾಕಿಸಿ ಸುಸ್ತಾದೆ. ನೀರು ಒಳಗೆ ಬರುತ್ತಿದ್ದದ್ದು ಆರು ಅಡಿ ದೂರದ ಇಲಿ ಬಿಲದಿಂದ. ಮಾಳಿಗೆ ನೀರು ಹೋಗುವ ದೋಣಿಯ ಬುಡ, ಬೆಳಕಿಂಡಿಯ ಸುತ್ತ, ಈ ಎರಡು ಜಾಗವನ್ನೂ ಕೈಯಿಟ್ಟು ನೋಡಿ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಉದ್ದನೆ ಮೊಳೆ ಚುಚ್ಚಿ. ಸಲೀಸಾಗಿ ಇಳಿದರೆ ಆ ತೊಲೆ ಬದಲಿಸಬೇಕು. ಅದರ ಕೆಳಗೆ ಊರುಗಂಬ ಕೊಡದೆ ಮಾತ್ರ ಮುಟ್ಟಬೇಡಿ.

ಮಣ್ಣು ಯಾವುದು ಅನ್ನುವುದು ಮುಖ್ಯ. ಮೇಲಿನ ಪದರಕ್ಕೆ ಚೌಳು ಮಣ್ಣೇ ಆಗಬೇಕು. ಬೆಳೆ ಬಾರದ ಹೊಲದಲ್ಲಿ ಬೆಳ್ಳಗೆ ಎದ್ದಿರುತ್ತದಲ್ಲ, ಅದು. ರೈತ ಅದನ್ನು ಕಂಡರೆ ತಲೆ ಚಚ್ಚಿಕೊಳ್ಳುತ್ತಾನೆ. ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಬ್ಬಿ ಸಣ್ಣ ತೂತುಗಳನ್ನೆಲ್ಲ ಮುಚ್ಚುತ್ತವೆ. ನೀರು ಇಂಗದೆ ಬೆಳೆ ಒಣಗುವುದೂ, ನೀರು ಇಳಿಯದೆ ಮಾಳಿಗೆ ಉಳಿಯುವುದೂ ಒಂದೇ ಕಾರಣಕ್ಕೆ. ಮುಂಗಾರಿಗೆ ಮುಂಚೆ ಪ್ರತಿ ವರ್ಷ ಒಂದು ಕೈ ಹಾಕಿಸಿ, ಇಳಿಜಾರು ದೋಣಿಯ ಕಡೆಗೇ ಇರಲಿ. ವರ್ಷಾವರ್ಷ ಈ ಕಿರಿಕಿರಿ ಯಾಕೆ ಅಂತ ನಿಮ್ಮ ಮಗ ಕೇಳಿದರೆ, ಮೇ ತಿಂಗಳಲ್ಲಿ ಒಂದು ರಾತ್ರಿ ಫ್ಯಾನ್ ಹಾಕದೆ ನಿಮ್ಮ ಮಾಳಿಗೆ ಕೆಳಗೆ ಮಲಗಿಸಿ, ಮರುದಿನ ಪಕ್ಕದ ಮನೆಯ ಸ್ಲ್ಯಾಬ್ ಕೆಳಗೆ ಕಳಿಸಿ.

ಪ್ರಶ್ನೆ: ಇಟಗಿ ಮಹಾದೇವ ಗುಡಿಯ ಹತ್ತಿರ ನಮ್ಮ ಹಳೇ ಮನೆಯಿದೆ. ಮೇಲೊಂದು ಅಂತಸ್ತು ಎತ್ತಬಹುದೇ?
— ಓದುಗರು, ಕೊಪ್ಪಳ

ಉತ್ತರ: ಟೇಪು ಹಿಡಿದು ಅಳೆಯಿರಿ. ಅದು 1112ರ ಗುಡಿ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬಹುದು. ನಮ್ಮಲ್ಲೇ ಹೀಗೆ ಅಂದುಕೊಳ್ಳಬೇಡಿ. ಫ್ರಾನ್ಸಿನಲ್ಲಿ ಸ್ಮಾರಕದ ಸುತ್ತ 500 ಮೀಟರ್ ಲೆಕ್ಕ. ನನ್ನ ಮಗಳು ಕಿಟಕಿ ಬದಲಿಸಲು ಊರ ಪಂಚಾಯ್ತಿಗೆ ಅರ್ಜಿ ಹಾಕಿ ಕಾದಿದ್ದಾಳೆ.

ಪ್ರಶ್ನೆ: ಪಡಸಾಲೆಯ ನೆಲ ಅಗೆಯುವಾಗ ಹಾರೆ ಜಾರಿ ಒಳಗೇ ಬಿತ್ತು. ಕೆಳಗೆ ಕಾಳು ತುಂಬಿಡುವ ಹಗೇವು ಇದೆ. ಅತ್ತೆಗೂ ಗೊತ್ತಿರಲಿಲ್ಲ. ಹಾರೆ ತೆಗೆಯಲು ಹುಡುಗರನ್ನು ಇಳಿಸಬಹುದೇ? ಆಮೇಲೆ ಅದನ್ನು ಮುಚ್ಚಿಸಬೇಕೇ?
— ಗೃಹಿಣಿ, ಸಿರುಗುಪ್ಪ

ಉತ್ತರ: ಇಳಿಸಬೇಡಿ! ಹಾರೆ ಹೋದರೆ ಹೋಗಲಿ. ಕಾಳು ಉಸಿರಾಡಿ ಉಸಿರಾಡಿ ಹಗೇವಿನ ಗಾಳಿಯನ್ನು ಕೆಡಿಸಿರುತ್ತದೆ. ಆ ಕೆಟ್ಟ ಗಾಳಿ ಭಾರ, ತಳದಲ್ಲೇ ಕೂತಿರುತ್ತದೆ. ವಾಸನೆಯೂ ಇರುವುದಿಲ್ಲ. ಇಳಿದವನು ಅಲ್ಲೇ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ನಮ್ಮ ಅಜ್ಜಿ ಬಾಯಿ ತೆಗೆಸಿ ಒಂದು ಹಗಲು ಪೂರ್ತಿ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ಕಂದೀಲು ಆರಿದರೆ ಅವತ್ತು ಕೆಲಸ ಬಂದ್. ಆದರೆ ಕಂದೀಲು ಉರಿಯಿತು ಅಂತ ನೀವು ಧೈರ್ಯ ಮಾಡಬೇಡಿ. ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಬಿಡಿ, ಹಾರೆ ಕಬ್ಬಿಣದ್ದಲ್ಲವೇ?

ಮುಚ್ಚಿಸುವುದಾದರೆ ತಳದಿಂದ ಮೊರಂ ತುಂಬಿ, ಅಡಿಗೊಂದು ಸಲ ನೀರು ಹಾಕಿ ದಮ್ಮಸ್ಸು ಮಾಡಿಸಿ. ಸುಮ್ನೆ ಮೇಲೊಂದು ಬಂಡೆ ಎಳೆದು ಟೈಲ್ಸ್ ಹಾಕಿಸಿದರೆ ಒಂದಿನ ಬೀರುವಿನ ಸಮೇತ ಒಳಗೆ ಹೋಗುತ್ತದೆ. ನಮ್ಮದನ್ನು ನಾನು ತುಂಬಿಸಲಿಲ್ಲ. ಬಾಯಿಗೆ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿ, ಮೇಲೆ ಶಹಾಬಾದ್ ಕಲ್ಲು ಮುಚ್ಚಿಸಿದ್ದೇನೆ. ಮೊಮ್ಮಗ ಬಂದಾಗಲೆಲ್ಲ ಅದರ ಮೇಲೆ ಕುಣಿದು, ಟೊಳ್ಳು ಸದ್ದು ಬರುತ್ತದೆಯೇ ಅಂತ ನೆಲಕ್ಕೆ ಕಿವಿ ಇಡುತ್ತಾನೆ.