ಓಪನ್ ವಾಟರ್ ಮುಗಿದ ಮೇಲೆ ಯಾವ ಸ್ಕೂಬಾ ಕೋರ್ಸ್ ಮಾಡಬೇಕು?

ತುಮಕೂರಿನಲ್ಲಿದ್ದೀರಿ, ಓಪನ್ ವಾಟರ್, ಅಂದರೆ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದ ಮೊದಲ ಕೋರ್ಸ್, ಆಗಿದೆ, ಮುಂದೆ ಅಡ್ವಾನ್ಸ್ಡ್ ಮಾಡಲೋ, ಅಪಾಯದಲ್ಲಿರುವ ಡೈವರ್‌ಗಳನ್ನು ಕಾಪಾಡಲು ಕಲಿಸುವ ರೆಸ್ಕ್ಯೂ ಮಾಡಲೋ ಅಂತ ಕೇಳಿದ್ದೀರಿ. ಅಡ್ವಾನ್ಸ್ಡ್ ಮೊದಲು, ರೆಸ್ಕ್ಯೂ ಆಮೇಲೆ. ಆದರೆ ಕೋರ್ಸಿನ ಹೆಸರಿಗಿಂತ ಅದರೊಳಗೆ ಯಾವ ಡೈವ್‌ಗಳಿವೆ ಅನ್ನೋದು ಮುಖ್ಯ. ಪ್ಯಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಪದ್ಧತಿಯಲ್ಲಿ ಅಡ್ವಾನ್ಸ್ಡ್‌ಗೆ ಐದು ಡೈವ್: ಆಳದ್ದು, ದಿಕ್ಕು ಹಿಡಿಯುವುದು ಕಡ್ಡಾಯ, ಉಳಿದ ಮೂರು ನಿಮ್ಮಿಷ್ಟ. ಆ ಮೂರರಲ್ಲಿ ಬಾಯನ್ಸಿ, ಅಂದರೆ ಮುಳುಗದೆ ತೇಲದೆ ನೀರಿನ ನಡುವೆ ನಿಲ್ಲುವ ಹದ, ಇರಲೇಬೇಕು. ಫೋಟೋಗ್ರಫಿಗೆ ಆತುರ ಬೇಡ.

ಯಾಕೆಂದರೆ ಈ ಕೋರ್ಸಿನಿಂದ ನಿಮ್ಮ ಆಳದ ಮಿತಿ 18 ಮೀಟರಿನಿಂದ 30ಕ್ಕೆ ಇಳಿಯುತ್ತದೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ, 30ರಲ್ಲಿ ಮೇಲಿನದರ ನಾಲ್ಕರಷ್ಟು. ಒತ್ತಡ ಹೆಚ್ಚಿದಷ್ಟೂ ಒಂದೊಂದು ಉಸಿರಿಗೂ ಗಾಳಿ ಜಾಸ್ತಿ ಬೇಕು. ಮೇಲೆ ಒಂದು ಗಂಟೆ ಬರುವ ಸಿಲಿಂಡರ್ ಅಲ್ಲಿ ಹದಿನೈದೇ ನಿಮಿಷ. ಹದ ಬರದೆ ಕೈಕಾಲು ಬಡಿದರೆ ಅಷ್ಟೂ ಇಲ್ಲ.

ನಮ್ಮ ಕಡೆಯವರು ಮರೆಯುವ ಒಂದು ವಿಷಯವಿದೆ. ನೇತ್ರಾಣಿ ದ್ವೀಪದಲ್ಲಿ ಡೈವ್ ಮುಗಿಸಿ ಮುರುಡೇಶ್ವರದಿಂದ ಅದೇ ಸಂಜೆ ಘಟ್ಟ ಹತ್ತಬೇಡಿ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಆಳದಲ್ಲಿ ಮೈಗೆ ಕರಗಿದ ಸಾರಜನಕ, ಎತ್ತರಕ್ಕೆ ಹೋಗಿ ಗಾಳಿಯ ಒತ್ತಡ ಇಳಿದಾಗ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಕಟ್ಟಬಹುದು. ಹಲವು ಡೈವ್ ಆದಮೇಲೆ ವಿಮಾನಕ್ಕೆ ಹೇಳುವ 18 ಗಂಟೆಯ ಕಾಯುವಿಕೆಯನ್ನೇ ನಾನು ಬಸ್ಸಿಗೂ ಪಾಲಿಸುತ್ತೇನೆ. ರಾತ್ರಿ ಅಲ್ಲೇ ಮಲಗಿ, ಮಾರನೇ ದಿನ ತಿಂಡಿ ತಿಂದು ನಿಧಾನವಾಗಿ ಹೊರಡಿ.