ಸ್ನಾನ ಮಾಡಿಸುವ ಮುಂಚೆ ಅವರ ಚೀಲ ನೋಡಿ

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡ್ ಹತ್ತಿರ ದಿನಾ ಮಲಗುವ ಒಬ್ಬ ಹಿರಿಯರಿಗೆ ಕ್ಷೌರ, ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿ ಎಲ್ಲಾದರೂ ಸೇರಿಸಬೇಕು ಅಂತಿದ್ದೀರಿ. ದುಡಿಯೋ ಮನಸ್ಸಿಲ್ಲದೇ ಇವರೆಲ್ಲ ಹೀಗಾಗೋದಾ ಅಂತಲೂ ಕೇಳಿದ್ದೀರಿ. ಬೀದಿಯಲ್ಲಿರೋರಿಗೆ ನೆರವಾಗುವ ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನ ಬಾಯಲ್ಲೂ ಇದೇ ಮಾತಿತ್ತು. ಈಗ ಅದನ್ನು ಸುತರಾಂ ಒಪ್ಪಲ್ಲ.

ನಮ್ಮೂರಲ್ಲಿ ಬೀದಿಗೆ ಬಿದ್ದ ಗಂಡಸರನ್ನು ಕೂರಿಸಿ ಮಾತಾಡಿಸಿ. ಹೋಟೆಲ್ ಕ್ಲೀನರ್‌ಗಳು, ಮದುವೆ ಛತ್ರದ ಅಡುಗೆಯವರ ಕೈಕೆಳಗಿದ್ದವರು, ಗಾರೆ ಕೆಲಸದವರು ಪದೇ ಪದೇ ಸಿಗ್ತಾರೆ. ಜೀವಮಾನವೆಲ್ಲ ದುಡಿದವರೇ. ಹೋಟೆಲಿನವರಿಗೆ ಊಟ ಅಲ್ಲೇ, ಮಲಗೋದು ಮೇಲಿನ ರೂಮಲ್ಲೋ, ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿಕೊಂಡೋ. ಬಾಡಿಗೆ ಕರಾರಿಲ್ಲ, ಅಡ್ವಾನ್ಸ್ ಇಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಯಿತು ಅಥವಾ ಮಾಲೀಕರ ಜೊತೆ ಒಂದು ಮಾತು ಬಂತು ಅಂದರೆ ಅದೇ ದಿನ ಕೆಲಸ, ಊಟ, ಸೂರು ಮೂರೂ ಹೋಗುತ್ತೆ. ಊರಿನ ಮನೆ ಅಷ್ಟೊತ್ತಿಗೆ ಅಣ್ಣತಮ್ಮಂದಿರ ಪಾಲಾಗಿರುತ್ತೆ, ಬರಿಗೈಲಿ ಹೋಗೋಕೆ ಮಾನ ಬಿಡಲ್ಲ. ಕುಡಿತವೇ ಕಾರಣ ಅನ್ನೋರಿದ್ದಾರೆ. ಕೆಲವರಿಗೆ ಹೌದು. ಎಷ್ಟೋ ಜನಕ್ಕೆ ಅದು ಬೀದಿಗೆ ಬಂದ ಮೇಲೆ, ಚಳಿಗೂ ಭಯಕ್ಕೂ ಅಂಟಿಕೊಂಡದ್ದು.

ಹಗಲು ಹೊತ್ತು ಬೆಂಚಿನ ಮೇಲೆ ಬಿದ್ದುಕೊಂಡಿದ್ದಾರೆ ಅಂದರೆ ರಾತ್ರಿ ನಿದ್ದೆ ಇಲ್ಲ ಅಂತಲೇ ತಿಳೀರಿ. ಕೊನೇ ಬಸ್ಸಿನ ತನಕ ಗಲಾಟೆ, ಆಮೇಲೆ ಎಬ್ಬಿಸಿ ಕಳಿಸೋರು, ಬೆಳಗಿನ ಜಾವಕ್ಕೆ ಗುಡಿಸೋರು. ನಡುವೆ ಚೀಲ ಕಾಯಬೇಕು. ವಾರಗಟ್ಟಲೆ ನಿದ್ದೆಗೆಟ್ಟವರು ತಮ್ಮಷ್ಟಕ್ಕೆ ಮಾತಾಡಿಕೊಳ್ಳೋದು, ಸಣ್ಣದಕ್ಕೆ ರೇಗೋದು ಸಹಜ. ನೋಡೋರು ಅದಕ್ಕೆ ಹುಚ್ಚು ಅಂತ ಹೆಸರಿಡ್ತಾರೆ.

ಆ ಚೀಲದ ವಿಷಯ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಒಳ್ಳೇ ಮನಸ್ಸಿನವರು ಎಡವೋದು ಇಲ್ಲೇ. ಕ್ಷೌರ, ಸ್ನಾನ, ವಿಡಿಯೋ ಎಲ್ಲ ಮುಗಿದ ಮೇಲೆ ನಾರುತ್ತೆ ಅಂತ ಹಳೇ ಗಂಟಿಗೆ ಬೆಂಕಿ ಹಚ್ಚಿಬಿಡ್ತಾರೆ. ಅಲ್ಲಿಗೆ ಆ ಮನುಷ್ಯ ಯಾರು ಅನ್ನೋದೂ ಸುಟ್ಟುಹೋಯಿತು. ಕವರಿನೊಳಗೆ ಕವರು, ಅದರೊಳಗೆ ಇನ್ನೊಂದು ಕವರು ಬಿಚ್ಚುತ್ತಾ ಹೋದರೆ ಕೊನೆಗೆ ಲ್ಯಾಮಿನೇಷನ್ ಕಿತ್ತುಹೋದ ಆಧಾರ್, ಪಾಸ್‌ಬುಕ್ಕಿನ ಮೊದಲ ಹಾಳೆ, ಆಸ್ಪತ್ರೆಯ ಓಪಿಡಿ ಚೀಟಿ, ಬೀಡಿ ಕಟ್ಟಿನ ಕಾಗದದ ಮೇಲೆ ಗೀಚಿದ ಫೋನ್ ನಂಬರ್ ಇರುತ್ತೆ. ಓಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಮೂರೂ ಸಿಗುತ್ತೆ. ಖಾಲಿ ಮಾತ್ರೆ ಸ್ಟ್ರಿಪ್ಪನ್ನೂ ಎಸೀಬೇಡಿ. ಫೆನಿಟೋಯಿನ್ ಅಂತಿದ್ದರೆ ಫಿಟ್ಸ್‌ಗೆ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು, ಮಾತ್ರೆ ತಪ್ಪಿದರೆ ಬಸ್ ಸ್ಟ್ಯಾಂಡಲ್ಲೇ ಫಿಟ್ಸ್ ಬಂದು ಬೀಳ್ತಾರೆ. ಮೆಟ್‌ಫಾರ್ಮಿನ್ ಇದ್ದರೆ ಸಕ್ಕರೆ ಕಾಯಿಲೆ. ಅಜ್ಜಿಯರಾದರೆ ಸೆರಗಿನ ತುದಿಯ ಗಂಟಲ್ಲಿ ಮನೆಯ ಬೀಗದಕೈ ಇಟ್ಟುಕೊಂಡಿರೋದುಂಟು.

ಹಾಗಾಗಿ ಸ್ನಾನಕ್ಕೆ ಮುಂಚೆ ನ್ಯೂಸ್ ಪೇಪರ್ ಹಾಸಿ ಪಕ್ಕದಲ್ಲಿ ಕೂತು, 'ಯಜಮಾನ್ರೇ, ಇದರಲ್ಲಿ ಏನೇನಿದೆ, ನೀವೇ ತೆಗೀರಿ' ಅನ್ನಿ. ನೀವಾಗಿ ಕೈ ಹಾಕಬೇಡಿ. ಅವರು ಒಪ್ಪಿದರೆ ಪ್ರತಿ ಕಾಗದದ ಎರಡೂ ಬದಿ ಫೋಟೋ ತೆಗೆದುಕೊಂಡು, ಕಾಗದಗಳನ್ನು ಜಿಪ್ ಕವರಿಗೆ ಹಾಕಿ ಅವರ ಕೈಗೇ ಕೊಡಿ. ಕಜ್ಜಿ, ಹೇನಿನ ಭಯಕ್ಕೆ ಬಟ್ಟೆ ಸುಡಬೇಕಾಗಿಲ್ಲ. ಕಜ್ಜಿ ಹುಳ ಮೈಬಿಟ್ಟರೆ ಎರಡು ಮೂರು ದಿನಕ್ಕೆ ಸಾಯುತ್ತೆ. ಹೇನಿಗೆ ಗಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಇಟ್ಟರೆ ಸಾಕು. ಒಗೆಯೋದಾದರೆ ಕುದಿ ನೀರಲ್ಲಿ ನೆನೆಸಿ ಒಗೆಯಿರಿ.

ಆಧಾರ್ ಕಾರ್ಡ್ ಹೋದರೆ ಏನಾಗುತ್ತೆ ಅಂದರೆ, 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯೋಕಾಗಲ್ಲ, ಹೆಂಗಸರು ಶಕ್ತಿ ಯೋಜನೆಯ ಉಚಿತ ಬಸ್ಸು ಹತ್ತಿ ತಮ್ಮೂರಿಗೂ ಹೋಗೋಕಾಗಲ್ಲ. ಆದರೆ ಹೊಸ ಆಧಾರ್ ಮಾಡಿಸೋಕೆ ಓಡಬೇಡಿ. ಒಮ್ಮೆ ಮಾಡಿಸಿದ್ದರೆ ಎರಡನೇ ಅರ್ಜಿ ತಿರಸ್ಕಾರವಾಗುತ್ತೆ. ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚಿನಿಂದ ಹಳೇದನ್ನು ಹುಡುಕಿಸಿ. ಗಾರೆ, ಪಾತ್ರೆ ಕೆಲಸದಲ್ಲಿ ಬೆರಳ ಗೆರೆ ಸವೆದಿದ್ದರೆ ಕಣ್ಣಿನ ಸ್ಕ್ಯಾನ್ ಕೇಳಿ. ಆ ಆಧಾರ್‌ನಲ್ಲಿರೋ ವಿಳಾಸವೇ ಊರಿಗೆ ದಾರಿ. ಮೊದಲಿಂದಲೂ ಇಲ್ಲದವರಿಗೆ, ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಮೂನೆಯಲ್ಲಿ ಕೊಡುವ ಪತ್ರ ನಡೆಯುತ್ತೆ.

ಸೇರಿಸೋದು ಎಲ್ಲಿಗೆ ಅನ್ನೋದರಲ್ಲೂ ಜನ ಎರಡು ಬೇರೆ ಜಾಗಗಳನ್ನು ಒಂದೇ ಅಂದುಕೊಳ್ತಾರೆ. ನಿರಾಶ್ರಿತರ ಪರಿಹಾರ ಕೇಂದ್ರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು. ನಾವು ಕಟ್ಟುವ ಆಸ್ತಿ ತೆರಿಗೆ ಜೊತೆ ನೂರಕ್ಕೆ 3ರಂತೆ ಸೇರುವ ಭಿಕ್ಷುಕರ ಕರ ಹೋಗೋದು ಇದಕ್ಕೇ. ಅಲ್ಲಿ ಹಿಡಿದು ಇಟ್ಟುಕೊಳ್ಳುವ ಅಧಿಕಾರ ಇದೆ. ನಗರ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ಬಂದು ಹೋಗೋ ಸ್ವಾತಂತ್ರ್ಯ ಇದೆ. ಭಿಕ್ಷೆ ಬೇಡದ, ಹಗಲು ಕೂಲಿ ಮಾಡೋ ಮನುಷ್ಯನನ್ನು ಮೊದಲನೆಯದಕ್ಕೆ ಹತ್ತಿಸಿದರೆ ಅವನು ಮುಂದೆ ಸಹಾಯಕ್ಕೆ ಬಂದ ಜೀಪು ಕಂಡರೂ ಓಡ್ತಾನೆ. ಆಶ್ರಯ ಕೇಂದ್ರಗಳ ಲೆಕ್ಕವೂ ಗೊತ್ತಿರಲಿ: ಲಕ್ಷ ಜನಸಂಖ್ಯೆಗೆ ನೂರು ಜನ ಹಿಡಿಸುವ ಒಂದು ಕೇಂದ್ರ, ತಲಾ 50 ಚದರ ಅಡಿ. 2011ರ ಜನಗಣತಿಯಲ್ಲಿ ಮೈಸೂರು ನಗರ ಸುಮಾರು 9 ಲಕ್ಷ. ಅಂದರೆ ಆ ಲೆಕ್ಕಕ್ಕೇ 9 ಕೇಂದ್ರ ಬೇಕು. ನಗರಪಾಲಿಕೆಯನ್ನು ಕೇಳೋಕೆ ಇಷ್ಟು ಸಾಕು.

ನಿಜವಾಗಿ ಮನಸ್ಸಿನ ಕಾಯಿಲೆ ಇದ್ದು ಅಲೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಮಾನಸಿಕ ಆರೋಗ್ಯ ಕಾಯ್ದೆ 2017ರ 100ನೇ ಕಲಂ ಪ್ರಕಾರ ಅಂಥವರನ್ನು ರಕ್ಷಣೆಗೆ ತಗೊಂಡ ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಲ್ಲಿ ಇಡುವಂತಿಲ್ಲ, ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. 18ನೇ ಕಲಂ ಪ್ರಕಾರ ಮನೆಯಿಲ್ಲದವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಚಿಕಿತ್ಸೆ ಉಚಿತ. ಕಲಂ ಸಂಖ್ಯೆ ಹೇಳಿ ಮಾತಾಡಿದರೆ ಕೆಲಸ ಬೇಗ ಆಗುತ್ತೆ.

ದಿನಗಟ್ಟಲೆ ಹಸಿದವರಿಗೆ ಒಂದೇ ಸಲ ಬಿರಿಯಾನಿ ಕೊಡಬೇಡಿ. ಹಸಿದ ದೇಹಕ್ಕೆ ದಿಢೀರನೆ ಹೆಚ್ಚು ಅನ್ನ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್ ಅನ್ನೋ ಲವಣ ಕುಸಿದು ಪ್ರಾಣಕ್ಕೇ ಅಪಾಯ. ಮೊದಲ ದಿನ ಗಂಜಿ, ಮಜ್ಜಿಗೆ ಸ್ವಲ್ಪ ಸ್ವಲ್ಪವೇ ಕೊಡಿ. ತೀರಾ ಸೊರಗಿದ್ದರೆ ಆಸ್ಪತ್ರೆಯಲ್ಲೇ ಊಟ ಶುರುವಾಗಲಿ. ದಿನಾ ಕುಡಿಯುವವರಿಗೆ ಏಕಾಏಕಿ ಬಿಡಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಅದನ್ನು ಡಾಕ್ಟರಿಗೆ ಬಿಡಿ.

ಕಾಗದವೇ ಸಿಗದಿದ್ದರೆ ಜಿಲ್ಲೆ, ತಾಲ್ಲೂಕು ಕೇಳಬೇಡಿ, ಗಾಬರಿಯಾಗ್ತಾರೆ. 'ಸಂತೆಗೆ ಎಲ್ಲಿಗೆ ಹೋಗ್ತಿದ್ರಿ? ಜಾತ್ರೆ ಯಾವುದು?' ಅನ್ನಿ. ಕಿರುಗಾವಲು ಸಂತೆ ಅಂದರೆ ಮಳವಳ್ಳಿ ಸುತ್ತಮುತ್ತ, ಮುಡುಕುತೊರೆ ಜಾತ್ರೆ ಅಂದರೆ ತಿ.ನರಸೀಪುರದ ಕಡೆಯಿಂದ ವಿಚಾರಿಸಿ. ಊರು ಸಿಕ್ಕ ಮೇಲೆ ಯಾರಿಗೆ ಫೋನ್ ಮಾಡಲಿ ಅಂತ ಅವರನ್ನೇ ಕೇಳಿ. ಮಗನ ಬದಲು ತಂಗಿಯ ಹೆಸರು ಹೇಳಿದರೆ ತಂಗಿಗೇ ಮಾಡಿ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಮಕ್ಕಳಿಗೆ ಮನೆ, ಜಮೀನು ಬರೆದುಕೊಟ್ಟು ಹೊರಬಿದ್ದವರಾದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂನಡಿ ಆ ಪತ್ರ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿ ಕಚೇರಿಗೆ, ವಕೀಲರಿಲ್ಲದೆಯೂ ಕೊಡಬಹುದು. ದಾನಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತೆ.