ಚಳ್ಳಕೆರೆಯ ಮರಳು ನೆಲಕ್ಕೆ ಯಾವ ಹೂಗಿಡ ಹಾಕಬೇಕು?

ಚಳ್ಳಕೆರೆ ಹತ್ತಿರದ ನಿಮ್ಮ ಜಮೀನಿನ ಬೇಲಿಯುದ್ದಕ್ಕೂ ನೀರು ಬೇಡದ ಹೂಗಿಡ ಬೇಕು, ಅದಕ್ಕಾಗಿ ಮರಳು ಮಣ್ಣಿನ ಮೇಲೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಹೊಡೆಸಬೇಡಿ. ಆ ದುಡ್ಡು ಉಳಿಸಿಕೊಂಡು ತಂಗಡಿ ಬಿತ್ತಿ. ಆವರಿಕೆ ಎಂದರೂ ಇದೇ ಗಿಡ. ಹಿರಿಯೂರಿನ ಕಡೆಯಿಂದ ಬರುವಾಗ ರಸ್ತೆಯ ಬದಿಯಲ್ಲಿ ಆಳೆತ್ತರ ಬೆಳೆದು, ಅರಿಸಿನ ಬಣ್ಣದ ಹೂ ಹೊತ್ತು ನಿಂತಿರುವುದನ್ನು ನೀವು ನೋಡಿಯೇ ಇರುತ್ತೀರಿ.

ನಮ್ಮ ಹೊಲದ ಬದುವಿನಲ್ಲಿ ಇದು ಯಾರೂ ನೀರು ಹನಿಸದೆ ಬೆಳೆದಿದೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿ: ಐದು ಎಸಳು, ಹತ್ತು ಕೇಸರ, ಅವುಗಳಲ್ಲಿ ಮೇಲಿನ ಮೂರು ಬರಡು. ಒಳಗೆ ಮಕರಂದವಿಲ್ಲ. ಆದರೂ ಬೆಳಿಗ್ಗೆ ದಪ್ಪ ಕರಿದುಂಬಿಗಳು ಬರುತ್ತವೆ. ಕೇಸರವನ್ನು ಕಾಲುಗಳಿಂದ ತಬ್ಬಿ, ಮೈಯನ್ನೇ ಅದುರಿಸಿ ಗುಂಯ್‌ಗುಡುತ್ತವೆ. ಆ ಅದುರಿಗೆ ಪರಾಗಕೋಶದ ತುದಿಯ ಸಣ್ಣ ತೂತಿನಿಂದ ಪುಡಿ ಉದುರಿ ದುಂಬಿಯ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ನಾನು ಕೆಲಸ ಬಿಟ್ಟು ಇದನ್ನು ನೋಡುತ್ತ ನಿಂತದ್ದಿದೆ.

ಹಳದಿ ಹೂವಿನ ತಗಚೆಯನ್ನು ತಂಗಡಿ ಎಂದುಕೊಂಡು ತರಬೇಡಿ. ತಂಗಡಿಯ ಎಲೆದಂಟಿನ ಬುಡದಲ್ಲಿ ಕಿವಿಯಾಕಾರದ ಅಗಲವಾದ ಪುಟ್ಟ ಎಲೆಗಳಿರುತ್ತವೆ. ಕಾಯಿ ಚಪ್ಪಟೆ, ಕಾಗದದಷ್ಟು ತೆಳು.

ಒಣಗಿದ ಕಾಯಿಗಳನ್ನು ಬಿಡಿಸಿ ಬೀಜ ತೆಗೆದಿಟ್ಟುಕೊಳ್ಳಿ. ಸಿಪ್ಪೆ ಬಹಳ ಗಟ್ಟಿ. ಕುದಿಸಿ ಇಳಿಸಿದ ನೀರಿನಲ್ಲಿ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ, ಇಲ್ಲವೇ ಮರಳುಕಾಗದಕ್ಕೆ ಲಘುವಾಗಿ ಉಜ್ಜಿ. ಶೇಂಗಾ ಬಿತ್ತುವ ಹದದಲ್ಲಿ, ಗಿಡ ಎಲ್ಲಿರಬೇಕೋ ಅಲ್ಲಿಯೇ ನಾಲ್ಕೈದು ಅಡಿಗೊಂದರಂತೆ ಊರಿ. ಬೇರು ನೇರ ಆಳಕ್ಕೆ ಇಳಿಯುವುದರಿಂದ ಬೆಳೆದ ಗಿಡ ಕಿತ್ತು ನೆಟ್ಟರೆ ಉಳಿಯುವುದು ಕಷ್ಟ.

ತೆಲಂಗಾಣದಲ್ಲಿ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬದಲ್ಲಿ ಹೆಣ್ಣುಮಕ್ಕಳು ಇದನ್ನು ಸಾಲುಸಾಲಾಗಿ ಜೋಡಿಸುತ್ತಾರೆ. ಇದರ ತೊಗಟೆಯ ಒಗರಿನಿಂದಲೇ ದಕ್ಷಿಣ ಭಾರತದಲ್ಲಿ ಬಹುಕಾಲ ಚರ್ಮ ಹದ ಮಾಡುತ್ತಿದ್ದರು. ಇಂಥ ಗಿಡವನ್ನು ಕಳೆಯೆಂದು ಜೆಸಿಬಿಯಿಂದ ಕೆತ್ತಿಸಿ, ಅದೇ ಜಾಗದಲ್ಲಿ ಟ್ಯಾಂಕರ್ ನೀರು ಕುಡಿಯುವ ಗಿಡ ನೆಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಜಮೀನಿನಲ್ಲಿ ಈಗಾಗಲೇ ತಂಗಡಿ ಇದ್ದರೆ ದಯವಿಟ್ಟು ಮುಟ್ಟಬೇಡಿ, ಬೀಜ ಅಲ್ಲಿಯೇ ಸಿಗುತ್ತದೆ.

ಮೊದಲ ವರ್ಷ ಸಸಿಗಳ ಸುತ್ತ ಜಾಲಿ ಮುಳ್ಳು ಹಾಕಿ. ನೀರು ನಿಲ್ಲುವ ತಗ್ಗು ಇದ್ದರೆ ಅಲ್ಲಿ ಮಾತ್ರ ಮಣ್ಣು ಏರಿಸಿ, ಏರಿಯ ಮೇಲೆ ಬಿತ್ತಿ.